ಪೈಥಾನ್ ಯೂನಿಟ್ ಟೆಸ್ಟ್‌ನಲ್ಲಿ ಮಾಕ್ ಆಬ್ಜೆಕ್ಟ್: ಎಲ್ಲಿ ಹಾಕಬೇಕು, ಯಾವ ಕ್ರಮದಲ್ಲಿ, ಎಲ್ಲಿ ಕೈಕೊಡುತ್ತದೆ

ಯೂನಿಟ್ ಟೆಸ್ಟ್ ಎಂದರೆ ಪ್ರೋಗ್ರಾಂನ ಒಂದು ಸಣ್ಣ ತುಂಡನ್ನು ಬೇರೆಯಾಗಿ ಪರೀಕ್ಷಿಸುವ ಕೋಡ್. ಆ ಪರೀಕ್ಷೆಯಲ್ಲಿ ಅಸಲಿ ಫಂಕ್ಷನ್ ಅಥವಾ ಆಬ್ಜೆಕ್ಟ್ ಜಾಗದಲ್ಲಿ ನಿಲ್ಲಿಸುವ ನಕಲಿಯೇ ಮಾಕ್. ಮಾಕ್ ಹಾಕಿದ ಟೆಸ್ಟ್ ಎರಡು ರೀತಿಯಲ್ಲಿ ಕೆಡುತ್ತದೆ. ಒಂದು, ಮಾಕ್ ಹಾಕಿದ್ದರೂ ಅಸಲಿ ಕೋಡೇ ಓಡುತ್ತದೆ, ಟೆಸ್ಟ್ ನಡುವೆ ನಿಜವಾದ ಸರ್ವರ್‌ಗೆ ರಿಕ್ವೆಸ್ಟ್ ಹೋಗಿಬಿಡುತ್ತದೆ. ಇದು ಬೇಗ ಕಣ್ಣಿಗೆ ಬೀಳುತ್ತದೆ. ಇನ್ನೊಂದು, ಟೆಸ್ಟ್ ಸದಾ ಪಾಸ್. ಒಳಗಿನ ಕೋಡ್ ಏನೇ ಕೆಟ್ಟರೂ ಪಾಸ್. ಅಪಾಯ ಇರುವುದು ಈ ಎರಡನೆಯದರಲ್ಲಿ. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಅದನ್ನು ತಡೆಯುವುದಕ್ಕೇ ಇವೆ.

ಉದಾಹರಣೆಗೆ ಒಂದು ಸಣ್ಣ ಪ್ರೋಗ್ರಾಂ ಇಟ್ಟುಕೊಳ್ಳೋಣ: ಬಿಲ್ ಕಟ್ಟುವ ಕೊನೆಯ ದಿನ ಹತ್ತಿರವಾದ ಗ್ರಾಹಕರಿಗೆ ಎಸ್ಎಂಎಸ್ ಕಳಿಸುವುದು. ಎರಡು ಮಾಡ್ಯೂಲ್ ಇವೆ. 'ಗೇಟ್‌ವೇ' ಎಂಬುದರಲ್ಲಿ ಸೆಂಡ್_ಎಸ್ಎಂಎಸ್ ಎಂಬ ಫಂಕ್ಷನ್ ಇದೆ. ಅದು ನಂಬರ್ ಮತ್ತು ಟೆಕ್ಸ್ಟ್ ತೆಗೆದುಕೊಂಡು ರಿಕ್ವೆಸ್ಟ್ಸ್ ಲೈಬ್ರರಿಯ ಪೋಸ್ಟ್ ಮೂಲಕ ಎಸ್ಎಂಎಸ್ ಕಂಪನಿಗೆ ಕಳಿಸುತ್ತದೆ. ಟೈಮ್‌ಔಟ್ ಆದರೆ 2 ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ, ಒಟ್ಟು 3 ಬಾರಿ. ಆಗಲೂ ಆಗದಿದ್ದರೆ ಎಸ್ಎಂಎಸ್_ಫೇಲ್ಡ್ ಎಂಬ ಎರರ್ ಎಸೆಯುತ್ತದೆ. 'ರಿಮೈಂಡರ್' ಎಂಬ ಎರಡನೇ ಮಾಡ್ಯೂಲ್ ಇನ್ನು 3 ದಿನದೊಳಗೆ ಕಟ್ಟಬೇಕಾದವರನ್ನು ಆರಿಸಿ ಅವರಿಗೆ ಕಳಿಸುತ್ತದೆ, ತಲುಪದ ನಂಬರ್‌ಗಳ ಪಟ್ಟಿ ವಾಪಸ್ ಕೊಡುತ್ತದೆ.

ಕೋಡ್‌ನ ಹೆಸರುಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದಿದೆ. ಅಂಡರ್‌ಸ್ಕೋರ್ ಮತ್ತು ಚುಕ್ಕೆ ಇರುವಲ್ಲಿ ಕೋಡ್‌ನಲ್ಲೂ ಅವು ಅಲ್ಲೇ ಬರುತ್ತವೆ.

## ಮೊದಲು ಸಿದ್ಧವಿರಬೇಕಾದ್ದು

ಪೈಥಾನ್ 3.8 ಅಥವಾ ಅದಕ್ಕಿಂತ ಹೊಸದು. ಯೂನಿಟ್‌ಟೆಸ್ಟ್.ಮಾಕ್ ಪೈಥಾನ್ 3.3ರಿಂದಲೇ ಜೊತೆಯಲ್ಲಿ ಬರುತ್ತದೆ, ಬೇರೆ ಇನ್‌ಸ್ಟಾಲ್ ಬೇಡ. ಆದರೆ ಅಸಿಂಕ್ ಕೋಡ್‌ಗೆ (ಒಂದು ಕೆಲಸ ಕಾಯುತ್ತಿರುವಾಗ ಇನ್ನೊಂದನ್ನು ನಡೆಸುವ, ಅವೇಟ್ ಬಳಸುವ ಕೋಡ್) ಬೇಕಾದ ಅಸಿಂಕ್‌ಮಾಕ್ ಬಂದದ್ದು 3.8ರಲ್ಲಿ. ಟೆಸ್ಟ್ ಓಡಿಸಲು ಪೈಟೆಸ್ಟ್ ಸಾಕು.

ಇದರ ಜೊತೆ ಪೈಟೆಸ್ಟ್-ಸಾಕೆಟ್ ಎಂಬ ಪ್ಲಗಿನ್ ಹಾಕಿ, 'ಡಿಸೇಬಲ್-ಸಾಕೆಟ್' ಆಯ್ಕೆಯನ್ನು ಕಾನ್ಫಿಗ್ ಫೈಲ್‌ನಲ್ಲೇ ಇಟ್ಟುಬಿಡಿ. ಮಾಕ್ ತಪ್ಪಿ ಅಸಲಿ ನೆಟ್‌ವರ್ಕ್‌ಗೆ ಕೋಡ್ ಕೈ ಹಾಕಿದ ತಕ್ಷಣ ಟೆಸ್ಟ್ ಎರರ್ ಕೊಟ್ಟು ನಿಲ್ಲುತ್ತದೆ. ಮೊದಲ ಬಗೆಯ ತಪ್ಪಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

## ಹಂತ 1: ಯಾವುದಕ್ಕೆ ಮಾಕ್, ಯಾವುದಕ್ಕೆ ಬೇಡ

ಕೋಡ್ ಹೊರಜಗತ್ತನ್ನು ಮುಟ್ಟುವ ಜಾಗಗಳನ್ನಷ್ಟೇ ಗುರುತು ಹಾಕಿ: ನೆಟ್‌ವರ್ಕ್, ಗಡಿಯಾರ, ಸ್ಲೀಪ್, ರ‍್ಯಾಂಡಮ್, ಇಮೇಲ್. ನಮ್ಮ ಉದಾಹರಣೆಯಲ್ಲಿ ಮೂರೇ: ಪೋಸ್ಟ್, ಸ್ಲೀಪ್, ಇವತ್ತಿನ ತಾರೀಖು.

ಲೆಕ್ಕ ಮಾಡುವ ಕೋಡ್‌ಗೆ ಮಾಕ್ ಬೇಡ. ಯಾರಿಗೆ ಕಳಿಸಬೇಕು ಎಂದು ತೀರ್ಮಾನಿಸುವ ಭಾಗವನ್ನು ಬೇರೆ ಫಂಕ್ಷನ್ ಮಾಡಿದರೆ ಒಂದೂ ಮಾಕ್ ಇಲ್ಲದೆ ಪರೀಕ್ಷಿಸಬಹುದು. ಮೆಸೇಜ್ ಎಷ್ಟು ಭಾಗವಾಗುತ್ತದೆ ಎಂಬ ಲೆಕ್ಕವೂ ಹಾಗೆಯೇ. ಕನ್ನಡ ಎಸ್ಎಂಎಸ್ ಯುಸಿಎಸ್-2 ಎನ್‌ಕೋಡಿಂಗ್‌ನಲ್ಲಿ ಹೋಗುವುದರಿಂದ ಒಂದು ಮೆಸೇಜ್‌ಗೆ 70 ಸಂಕೇತ ಮಿತಿ. ಅದನ್ನು ದಾಟಿದರೆ ತುಂಡಾಗಿ, ತುಂಡಿಗೆ 67. ಇಂಗ್ಲಿಷ್‌ನ ಸಾಮಾನ್ಯ ಅಕ್ಷರಗಳಷ್ಟೇ ಇದ್ದರೆ 160. 'ನಮಸ್ಕಾರ' ಎಂಬುದು ಕಣ್ಣಿಗೆ ನಾಲ್ಕಕ್ಷರ, ಆದರೆ ಪೈಥಾನ್‌ನ ಲೆನ್ ಕೊಡುವ ಉತ್ತರ 7. ಇಂಥ ಫಂಕ್ಷನ್‌ಗೆ 70 ಮತ್ತು 71 ಸಂಕೇತದ ಎರಡು ಸ್ಟ್ರಿಂಗ್ ಕೊಟ್ಟು ನೋಡಿದರೆ ಮುಗಿಯಿತು.

ನಿಮ್ಮದೇ ಡೇಟಾ ಕ್ಲಾಸ್‌ಗಳನ್ನೂ ಮಾಕ್ ಮಾಡಬೇಡಿ. ಗ್ರಾಹಕ ಎಂಬ ಕ್ಲಾಸ್‌ನ ಅಸಲಿ ಆಬ್ಜೆಕ್ಟ್ ಕಟ್ಟಲು ಒಂದು ಸಾಲು ಸಾಕಾಗಿರುವಾಗ ಮಾಕ್ ಗ್ರಾಹಕ ಯಾಕೆ? ಇದರಲ್ಲಿ ಒಂದು ಬಲೆಯೂ ಇದೆ: ಮಾಕ್ ಕಟ್ಟುವಾಗ 'ನೇಮ್' ಎಂದು ಕೊಟ್ಟ ಬೆಲೆ ಗ್ರಾಹಕನ ಹೆಸರಾಗುವುದಿಲ್ಲ, ಆ ಮಾಕ್‌ನದೇ ಗುರುತಿನ ಹೆಸರಾಗುತ್ತದೆ.

ಡೇಟಾಬೇಸ್ ವಿಷಯದಲ್ಲಿ ಮಾಕ್‌ಗಿಂತ ಮೆಮೊರಿಯಲ್ಲೇ ನಡೆಯುವ ಎಸ್‌ಕ್ಯೂಲೈಟ್ ಅಥವಾ ಡಿಕ್ಷನರಿ ಇಟ್ಟು ಬರೆದ ಹತ್ತು ಸಾಲಿನ ನಕಲಿ ಕ್ಲಾಸ್ ಮೇಲು. ಕ್ವೆರಿಯ ಒಂದೊಂದು ಕರೆಯನ್ನೂ ಮಾಕ್ ಮಾಡಿದರೆ, ಟೇಬಲ್‌ಗೆ ಒಂದು ಕಾಲಂ ಸೇರಿಸಿದ ದಿನ ನಲವತ್ತು ಟೆಸ್ಟ್ ಬೀಳುತ್ತವೆ.

## ಹಂತ 2: ಪ್ಯಾಚ್ ಎಲ್ಲಿ ಹಾಕಬೇಕು

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಪ್ಯಾಚ್ ಎಂದರೆ ಟೆಸ್ಟ್ ಮುಗಿಯುವವರೆಗೆ ಅಸಲಿಯ ಜಾಗದಲ್ಲಿ ಮಾಕ್ ಇಡುವುದು. ಪ್ಯಾಚ್ ಮಾಡುವುದು ಒಂದು ಹೆಸರನ್ನು, ಫಂಕ್ಷನ್ ಅನ್ನು ಅಲ್ಲ. ಪರೀಕ್ಷೆಗೆ ಒಳಪಟ್ಟ ಕೋಡ್ ಯಾವ ಹೆಸರಿನ ಮೂಲಕ ಅದನ್ನು ಹುಡುಕಿಕೊಳ್ಳುತ್ತದೋ ಆ ಹೆಸರನ್ನೇ ಬದಲಿಸಬೇಕು. ಫಂಕ್ಷನ್ ಹುಟ್ಟಿದ ಊರು ಮುಖ್ಯವಲ್ಲ. ಆದ್ದರಿಂದ ಮೊದಲು ಆ ಮಾಡ್ಯೂಲ್‌ನ ಇಂಪೋರ್ಟ್ ಸಾಲು ತೆರೆದು ನೋಡಿ, ಆಮೇಲೆ ಪ್ಯಾಚ್ ಬರೆಯಿರಿ.

ರಿಮೈಂಡರ್ ಮಾಡ್ಯೂಲ್‌ನಲ್ಲಿ 'ಫ್ರಮ್ ಗೇಟ್‌ವೇ ಇಂಪೋರ್ಟ್ ಸೆಂಡ್_ಎಸ್ಎಂಎಸ್' ಎಂದಿದ್ದರೆ ಪ್ಯಾಚ್ ಮಾಡಬೇಕಾದ್ದು 'ರಿಮೈಂಡರ್.ಸೆಂಡ್_ಎಸ್ಎಂಎಸ್'. ಇಂಪೋರ್ಟ್ ಆದ ಗಳಿಗೆಯಲ್ಲೇ ರಿಮೈಂಡರ್‌ಗೆ ತನ್ನದೇ ಒಂದು ಹೆಸರು ಬಂದಾಗಿದೆ, ನಂತರ 'ಗೇಟ್‌ವೇ.ಸೆಂಡ್_ಎಸ್ಎಂಎಸ್' ಬದಲಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಬರೀ 'ಇಂಪೋರ್ಟ್ ಗೇಟ್‌ವೇ' ಎಂದಿದ್ದು, ಕರೆಯುವಾಗ ಗೇಟ್‌ವೇ.ಸೆಂಡ್_ಎಸ್ಎಂಎಸ್ ಎಂದಿದ್ದರೆ ಆಗ 'ಗೇಟ್‌ವೇ.ಸೆಂಡ್_ಎಸ್ಎಂಎಸ್' ಸರಿ. ಫಂಕ್ಷನ್‌ನ ಹೊಟ್ಟೆಯೊಳಗೆ ಇಂಪೋರ್ಟ್ ಇದ್ದರೂ ಮೂಲ ಮಾಡ್ಯೂಲ್‌ನ ಹೆಸರೇ ಸರಿ, ಏಕೆಂದರೆ ಪ್ರತಿ ಕರೆಯಲ್ಲೂ ಅಲ್ಲಿಂದಲೇ ಹೊಸದಾಗಿ ತರುತ್ತದೆ.

ಪ್ಯಾಚ್ ಸರಿಯಾಗಿದ್ದೂ ಕೆಲಸ ಮಾಡದ ಎರಡು ಸಂದರ್ಭಗಳಿವೆ. ಫಂಕ್ಷನ್‌ನ ಡಿಫಾಲ್ಟ್ ಆರ್ಗ್ಯುಮೆಂಟ್ ಆಗಿ ಸೆಂಡ್_ಎಸ್ಎಂಎಸ್ ಕೊಟ್ಟಿದ್ದರೆ, ಆ ಬೆಲೆ ಡೆಫ್ ಸಾಲು ಓಡಿದಾಗಲೇ ಅಂಟಿಕೊಂಡಿರುತ್ತದೆ. ಇನ್ನೊಂದು, ಕೋಡ್ ಬಳಸುವುದು ರಿಕ್ವೆಸ್ಟ್ಸ್‌ನ ಸೆಷನ್ ಆಬ್ಜೆಕ್ಟ್‌ನ ಪೋಸ್ಟ್, ನೀವು ಪ್ಯಾಚ್ ಮಾಡಿದ್ದು ರಿಕ್ವೆಸ್ಟ್ಸ್.ಪೋಸ್ಟ್. ಹೆಸರು ಒಂದೇ, ದಾರಿ ಬೇರೆ.

ಗೇಟ್‌ವೇ ಟೆಸ್ಟ್ ಬರೆಯುವಾಗ 'ಗೇಟ್‌ವೇ.ರಿಕ್ವೆಸ್ಟ್ಸ್' ಎಂದು ಇಡೀ ಲೈಬ್ರರಿಯನ್ನೇ ಬದಲಿಸುವ ಚಟ ಹಲವರಿಗಿದೆ. ಹಾಗೆ ಮಾಡಿದರೆ ರಿಕ್ವೆಸ್ಟ್ಸ್.ಟೈಮ್‌ಔಟ್ ಕೂಡ ಮಾಕ್ ಆಗಿಬಿಡುತ್ತದೆ. ಕೋಡ್‌ನ ಎಕ್ಸೆಪ್ಟ್ ಸಾಲಿಗೆ ಎರರ್ ಬಂದು ತಾಗಿದಾಗ, ಬೇಸ್‌ಎಕ್ಸೆಪ್ಶನ್‌ನಿಂದ ಬಾರದ ಕ್ಲಾಸ್ ಹಿಡಿಯುವಂತಿಲ್ಲ ಎಂಬ ಟೈಪ್‌ಎರರ್ ಬರುತ್ತದೆ. ಎರರ್ ಬಾರದ ಟೆಸ್ಟ್‌ಗಳಲ್ಲಿ ಏನೂ ಆಗುವುದಿಲ್ಲ, ಅದಕ್ಕೇ ಕಾರಣ ಹುಡುಕುವುದು ಕಷ್ಟ. 'ಗೇಟ್‌ವೇ.ರಿಕ್ವೆಸ್ಟ್ಸ್.ಪೋಸ್ಟ್' ಒಂದನ್ನೇ ಬದಲಿಸಿ.

ಒಂದೇ ಟೆಸ್ಟ್ ಮೇಲೆ ಎರಡು ಪ್ಯಾಚ್ ಡೆಕೊರೇಟರ್ (ಫಂಕ್ಷನ್‌ನ ಮೇಲೆ @ ಹಾಕಿ ಬರೆಯುವ ಸಾಲು) ಇದ್ದರೆ, ಕೆಳಗಿನದರ ಮಾಕ್ ಮೊದಲ ಆರ್ಗ್ಯುಮೆಂಟ್ ಆಗಿ ಬರುತ್ತದೆ, ಮೇಲಿನದು ಎರಡನೆಯದಾಗಿ. ಅದಲುಬದಲಾದರೆ ಸ್ಲೀಪ್‌ಗೆ ಹೇಳಿದ್ದು ಪೋಸ್ಟ್‌ಗೆ ಹೋಗುತ್ತದೆ. ಎರಡಕ್ಕಿಂತ ಹೆಚ್ಚಿದ್ದರೆ ವಿತ್ ಬ್ಲಾಕ್ ಅಥವಾ ಫಿಕ್ಸ್ಚರ್ (ಟೆಸ್ಟ್‌ಗೆ ಬೇಕಾದ್ದನ್ನು ಮುಂಚೆ ಸಿದ್ಧಮಾಡಿಕೊಡುವ ಪೈಟೆಸ್ಟ್ ಫಂಕ್ಷನ್) ಬಳಸಿ. ಪ್ಯಾಚ್ ಅನ್ನು ಸ್ಟಾರ್ಟ್ ಎಂದು ಕೈಯಾರೆ ಶುರು ಮಾಡಿದ್ದರೆ, ಅದರ ಮರುಸಾಲಿನಲ್ಲೇ ಆ್ಯಡ್‌ಕ್ಲೀನಪ್‌ಗೆ ಸ್ಟಾಪ್ ಕೊಡಿ. ಮರೆತರೆ ಆ ಮಾಕ್ ಮುಂದಿನ ಟೆಸ್ಟ್‌ಗಳಿಗೂ ಸೋರುತ್ತದೆ. ಒಂಟಿಯಾಗಿ ಓಡಿಸಿದಾಗ ಪಾಸ್, ಎಲ್ಲದರ ಜೊತೆ ಓಡಿಸಿದಾಗ ಫೇಲ್ ಎಂಬ ಆಟ ಶುರುವಾಗುತ್ತದೆ.

ಹೆಸರು ತಪ್ಪಿದ್ದರೆ 'ಈ ಮಾಡ್ಯೂಲ್‌ನಲ್ಲಿ ಆ ಆಟ್ರಿಬ್ಯೂಟ್ ಇಲ್ಲ' ಎಂಬ ಎರರ್ ಬರುತ್ತದೆ. ಅದನ್ನು ಬಾಯಿ ಮುಚ್ಚಿಸಲು 'ಕ್ರಿಯೇಟ್' ಆಯ್ಕೆಯನ್ನು ಟ್ರೂ ಮಾಡಬೇಡಿ. ಆ ಎರರ್ ಹೇಳುತ್ತಿರುವುದು ನಿಜ.

## ಹಂತ 3: ಮಾಕ್‌ಗೆ ಅಸಲಿಯ ಆಕಾರ ಕೊಡಿ

ನೀವು ಬೇರೇನೂ ಹೇಳದಿದ್ದರೆ ಪ್ಯಾಚ್ ಇಡುವ ಮಾಕ್‌ನ ಹೆಸರು ಮ್ಯಾಜಿಕ್‌ಮಾಕ್. ಬರೀ ಮ್ಯಾಜಿಕ್‌ಮಾಕ್ ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಇಲ್ಲದ ಮೆಥಡ್ ಕರೆದರೂ ಉತ್ತರ ಕೊಡುತ್ತದೆ, ಎಷ್ಟು ಆರ್ಗ್ಯುಮೆಂಟ್ ಕೊಟ್ಟರೂ ನುಂಗುತ್ತದೆ. ಅದರ ಡಿಫಾಲ್ಟ್ ಗುಣಗಳು ಗೊತ್ತಿರಲಿ: ಇಫ್‌ನಲ್ಲಿಟ್ಟರೆ ಟ್ರೂ, ಉದ್ದ ಕೇಳಿದರೆ 0, ಇಂಟ್ ಮಾಡಿದರೆ 1, ಫಾರ್ ಲೂಪ್‌ಗೆ ಕೊಟ್ಟರೆ ಖಾಲಿ. ಕೊನೆಯದು ವಿಷ. ಗ್ರಾಹಕರ ಪಟ್ಟಿಯ ಜಾಗದಲ್ಲಿ ಮಾಕ್ ಸೇರಿಕೊಂಡರೆ ಲೂಪ್ ಒಮ್ಮೆಯೂ ಓಡದೆ, 'ತಲುಪದ ನಂಬರ್ ಒಂದೂ ಇಲ್ಲ' ಎಂಬ ಟೆಸ್ಟ್ ಸಲೀಸಾಗಿ ಪಾಸಾಗುತ್ತದೆ.

ಪರಿಹಾರ ಆಟೋಸ್ಪೆಕ್. 'ರಿಮೈಂಡರ್.ಸೆಂಡ್_ಎಸ್ಎಂಎಸ್' ಪ್ಯಾಚ್ ಮಾಡುವಾಗ ಆಟೋಸ್ಪೆಕ್ ಅನ್ನು ಟ್ರೂ ಮಾಡಿ. ಅಸಲಿ ಫಂಕ್ಷನ್ ಎರಡು ಆರ್ಗ್ಯುಮೆಂಟ್ ಕೇಳಿದರೆ ಮಾಕ್ ಕೂಡ ಎರಡೇ ಕೇಳುತ್ತದೆ. ನಾಳೆ ಯಾರೋ ಸೆಂಡ್_ಎಸ್ಎಂಎಸ್‌ಗೆ ಮೂರನೆಯ ಕಡ್ಡಾಯ ಆರ್ಗ್ಯುಮೆಂಟ್ ಸೇರಿಸಿ, ರಿಮೈಂಡರ್ ತಿದ್ದಲು ಮರೆತರೆ ಟೆಸ್ಟ್ ಬೀಳುತ್ತದೆ. ಬೀಳಲೇಬೇಕು.

ಆಟೋಸ್ಪೆಕ್‌ಗೂ ಎರಡು ಕುರುಡು ಜಾಗಗಳಿವೆ. ಇನಿಟ್ ಒಳಗೆ ಹುಟ್ಟುವ ಆಟ್ರಿಬ್ಯೂಟ್‌ಗಳು ಅದಕ್ಕೆ ಕಾಣುವುದಿಲ್ಲ, ಏಕೆಂದರೆ ಅದು ನೋಡುವುದು ಕ್ಲಾಸ್ ಅನ್ನು. ಅವನ್ನು ಕೈಯಾರೆ ಇಡಬೇಕು. ಎರಡನೆಯದು, ಸಿಕ್ಕಸಿಕ್ಕ ಕೀವರ್ಡ್ ತೆಗೆದುಕೊಳ್ಳುವ ಫಂಕ್ಷನ್‌ಗಳು. ರಿಕ್ವೆಸ್ಟ್ಸ್.ಪೋಸ್ಟ್ ಅಂಥದ್ದೇ: ಯುಆರ್‌ಎಲ್, ಡೇಟಾ, ಜೇಸನ್ ಬಿಟ್ಟರೆ ಉಳಿದದ್ದೆಲ್ಲ ಮುಕ್ತ ಕೀವರ್ಡ್. ನೀವು ಟೈಮ್‌ಔಟ್ ಎಂಬುದರ ಸ್ಪೆಲಿಂಗ್ ತಪ್ಪಿಸಿದರೂ ಆಟೋಸ್ಪೆಕ್ ಸುಮ್ಮನಿರುತ್ತದೆ. ಅಸಲಿ ಕರೆಯಲ್ಲಿ ಅದು ಟೈಪ್‌ಎರರ್. ಬೇರೆಯವರ ಲೈಬ್ರರಿಯನ್ನು ಹತ್ತು ಕಡೆ ಮಾಕ್ ಮಾಡುವ ಬದಲು ನಿಮ್ಮದೇ ತೆಳು ಫಂಕ್ಷನ್‌ನೊಳಗೆ ಅದನ್ನು ಸುತ್ತಿ, ಆ ಫಂಕ್ಷನ್ ಅನ್ನು ಮಾಕ್ ಮಾಡಿ ಎನ್ನುವುದು ಇದಕ್ಕೇ. ಗೇಟ್‌ವೇ ಮಾಡ್ಯೂಲ್ ಬೇರೆ ಇರುವುದರ ಉಪಯೋಗ ಅದು. ಸುತ್ತಿದ ಆ ಒಂದು ಫಂಕ್ಷನ್‌ನ ಟೆಸ್ಟ್‌ಗೆ ರೆಸ್ಪಾನ್ಸಸ್ ಎಂಬ ಲೈಬ್ರರಿ ಬಳಸಿದರೆ ಇನ್ನೂ ಒಳ್ಳೆಯದು. ಅದು ರಿಕ್ವೆಸ್ಟ್ಸ್‌ನ ಒಳಗೆ, ಕರೆ ಹೊರಗೆ ಹೊರಡುವ ಹೊಸ್ತಿಲಲ್ಲಿ ಹಿಡಿಯುವುದರಿಂದ ಸ್ಪೆಲಿಂಗ್ ತಪ್ಪು ಅಲ್ಲಿ ಸಿಕ್ಕಿಬೀಳುತ್ತದೆ.

## ಹಂತ 4: ಮಾಕ್ ಏನು ಉತ್ತರ ಕೊಡಬೇಕೆಂದು ಹೇಳಿ

ಒಂದೇ ಉತ್ತರ ಸಾಕಾದರೆ ರಿಟರ್ನ್_ವ್ಯಾಲ್ಯೂ. ಎರರ್ ಬೇಕಾದರೆ ಅಥವಾ ಕರೆಯಿಂದ ಕರೆಗೆ ಉತ್ತರ ಬದಲಾಗಬೇಕಾದರೆ ಸೈಡ್_ಎಫೆಕ್ಟ್. ಎರಡನ್ನೂ ಕೊಟ್ಟರೆ ಸೈಡ್_ಎಫೆಕ್ಟ್ ಮಾತು ನಡೆಯುತ್ತದೆ.

ರಿಟ್ರೈ ಪರೀಕ್ಷಿಸಲು ಪೋಸ್ಟ್‌ನ ಸೈಡ್_ಎಫೆಕ್ಟ್‌ಗೆ ಮೂರು ವಸ್ತುಗಳ ಪಟ್ಟಿ ಕೊಡಿ: ರಿಕ್ವೆಸ್ಟ್ಸ್.ಟೈಮ್‌ಔಟ್, ಮತ್ತೆ ರಿಕ್ವೆಸ್ಟ್ಸ್.ಟೈಮ್‌ಔಟ್, ಕೊನೆಗೆ ಒಂದು ಯಶಸ್ವಿ ರೆಸ್ಪಾನ್ಸ್. ಪಟ್ಟಿಯಲ್ಲಿ ಎರರ್ ಕ್ಲಾಸ್ ಇದ್ದರೆ ಮಾಕ್ ಅದನ್ನು ಎಸೆಯುತ್ತದೆ, ಬೇರೆ ಏನಿದ್ದರೂ ವಾಪಸ್ ಕೊಡುತ್ತದೆ. ಪಟ್ಟಿ ಮುಗಿದ ಮೇಲೂ ಕರೆ ಬಂದರೆ ಸ್ಟಾಪ್‌ಇಟರೇಶನ್ ಬರುತ್ತದೆ. ಕೋಡ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಹಿಡಿಯುವ 'ಎಕ್ಸೆಪ್ಟ್ ಎಕ್ಸೆಪ್ಶನ್' ಇದ್ದರೆ ಅದನ್ನೂ ನುಂಗಿಬಿಡುತ್ತದೆ, ನಾಲ್ಕನೇ ಬಾರಿ ಕರೆದದ್ದು ನಿಮಗೆ ಕಾಣುವುದೇ ಇಲ್ಲ.

ಎರರ್ ಕ್ಲಾಸ್ ಅಸಲಿಯದೇ ಇರಲಿ. ಪೈಥಾನ್‌ನಲ್ಲಿ ಹುಟ್ಟಿನಿಂದ ಇರುವ ಕನೆಕ್ಷನ್‌ಎರರ್ ಬೇರೆ, ರಿಕ್ವೆಸ್ಟ್ಸ್‌ನ ಕನೆಕ್ಷನ್‌ಎರರ್ ಬೇರೆ. ಇಂಪೋರ್ಟ್ ಇಲ್ಲದೆಯೇ ಸಿಗುತ್ತದೆಂದು ಮೊದಲನೆಯದನ್ನು ಎಸೆದರೆ, ಎರಡನೆಯದಕ್ಕೆ ಕಾದಿರುವ ಕೋಡ್ ಅದನ್ನು ಹಿಡಿಯುವುದಿಲ್ಲ.

ರೆಸ್ಪಾನ್ಸ್ ಅನ್ನು ಮಾಕ್ ಮಾಡಬೇಡಿ. ಮಾಕ್ ರೆಸ್ಪಾನ್ಸ್‌ಗೆ ಸ್ಟೇಟಸ್_ಕೋಡ್ 503 ಇಟ್ಟರೂ ಅದರ ರೇಸ್_ಫಾರ್_ಸ್ಟೇಟಸ್ (ಕೆಟ್ಟ ಸ್ಟೇಟಸ್ ಬಂದರೆ ಎರರ್ ಎಸೆಯುವ ಮೆಥಡ್) ಏನೂ ಮಾಡುವುದಿಲ್ಲ, ಏಕೆಂದರೆ ಅದೂ ಮಾಕೇ. ಸರ್ವರ್ ಬಿದ್ದ ಸಂದರ್ಭವನ್ನು ಪರೀಕ್ಷಿಸಿದೆವೆಂದು ನಾವು ತಿಳಿದಿರುತ್ತೇವೆ, ಕೋಡ್ ಯಶಸ್ಸಿನ ದಾರಿಯಲ್ಲಿ ಹೋಗಿರುತ್ತದೆ. ಅಸಲಿ ರಿಕ್ವೆಸ್ಟ್ಸ್.ರೆಸ್ಪಾನ್ಸ್ ಒಂದನ್ನು ಕಟ್ಟಿ ಸ್ಟೇಟಸ್_ಕೋಡ್ 503 ಇಡಿ: ಎರಡೇ ಸಾಲು, ಎಚ್‌ಟಿಟಿಪಿಎರರ್ ತಾನಾಗಿ ಬರುತ್ತದೆ.

'ಗೇಟ್‌ವೇ.ಟೈಮ್.ಸ್ಲೀಪ್' ಪ್ಯಾಚ್ ಮಾಡಲು ಮರೆಯಬೇಡಿ. ಮರೆತರೆ ಈ ಒಂದು ಟೆಸ್ಟ್‌ಗೆ 4 ಸೆಕೆಂಡ್.

## ಹಂತ 5: ಮೊದಲು ಫಲಿತಾಂಶ, ಆಮೇಲೆ ಕರೆಗಳು

ಫಂಕ್ಷನ್ ಏನು ವಾಪಸ್ ಕೊಟ್ಟಿತು ಎಂಬುದನ್ನು ಮೊದಲು ನೋಡಿ. ಮೂವರು ಗ್ರಾಹಕರಲ್ಲಿ ನಡುವಿನವರಿಗೆ ಎಸ್ಎಂಎಸ್_ಫೇಲ್ಡ್ ಬರುವಂತೆ ಮಾಡಿ, ವಾಪಸ್ ಬಂದ ಪಟ್ಟಿಯಲ್ಲಿ ಅವರ ನಂಬರ್ ಒಂದೇ ಇದೆಯೇ ಎಂದು ಪರೀಕ್ಷಿಸಿ. ನಂತರ ಮೂರನೆಯವರಿಗೂ ಕರೆ ಹೋಯಿತೇ ಎಂದು ಮಾಕ್ ಅನ್ನು ಕೇಳಿ. ಫಲಿತಾಂಶದಿಂದ ತಿಳಿಯದ್ದಕ್ಕೆ ಮಾತ್ರ ಕರೆಗಳ ಪರಿಶೀಲನೆ ಬೇಕು.

ಯಾವ ಪರಿಶೀಲನೆ ಏನು ನೋಡುತ್ತದೆ ಎಂಬುದರಲ್ಲಿ ಗೊಂದಲ ಬಹಳ. ಅಸರ್ಟ್_ಕಾಲ್ಡ್_ವಿತ್ ನೋಡುವುದು ಕೊನೆಯ ಕರೆಯನ್ನು ಮಾತ್ರ. ಅಸರ್ಟ್_ಎನಿ_ಕಾಲ್‌ಗೆ ಎಲ್ಲೋ ಒಮ್ಮೆ ಆಗಿದ್ದರೆ ಸಾಕು. ಅಸರ್ಟ್_ಹ್ಯಾಸ್_ಕಾಲ್ಸ್ ನೀವು ಕೊಟ್ಟ ಸಾಲು ಆ ಕ್ರಮದಲ್ಲಿದೆಯೇ ಎಂದು ನೋಡುತ್ತದೆ, ಆದರೆ ಹಿಂದೆ ಮುಂದೆ ಹೆಚ್ಚುವರಿ ಕರೆಗಳಿದ್ದರೆ ತಕರಾರು ಮಾಡುವುದಿಲ್ಲ. ಒಬ್ಬರಿಗೆ ಎರಡು ಎಸ್ಎಂಎಸ್ ಹೋಗಬಾರದು ಎಂಬಂಥ ಕಡೆ ಕಾಲ್_ಆರ್ಗ್ಸ್_ಲಿಸ್ಟ್ ಅನ್ನು ಪೂರ್ತಿ ಪಟ್ಟಿಗೇ ಹೋಲಿಸಿ. ಸ್ಲೀಪ್‌ಗೂ ಅದೇ: ಮೂರು ಪ್ರಯತ್ನಕ್ಕೆ ಎರಡೇ ವಿರಾಮ, ಅಂದರೆ ಪಟ್ಟಿಯಲ್ಲಿ 2 ಸೆಕೆಂಡ್‌ನ ಕರೆ ಎರಡೇ ಇರಬೇಕು. ಮೂರು ಇದ್ದರೆ, ಸೋತ ಮೇಲೂ ಕೋಡ್ ಸುಮ್ಮನೆ ಕಾಯುತ್ತಿದೆ.

ಹಳೆಯ ಟೆಸ್ಟ್‌ಗಳಲ್ಲಿ 'ಅಸರ್ಟ್' ಎಂಬ ಮುಂಪದ ಬಿಟ್ಟು, ಕಾಲ್ಡ್_ಒನ್ಸ್_ವಿತ್ ಎಂದಷ್ಟೇ ಬರೆದಿರುವುದು ಸಿಗುತ್ತದೆ. ಹಳೆಯ ಪೈಥಾನ್‌ನಲ್ಲಿ ಅದು ಮಾಕ್‌ನ ಇನ್ನೊಂದು ಮೆಥಡ್ ಕರೆದಂತೆ, ಯಾವಾಗಲೂ ಪಾಸ್. 3.12ರಿಂದ ಎರರ್ ಬರುತ್ತದೆ. ಹೊಸ ಆವೃತ್ತಿಗೆ ಏರಿಸಿದಾಗ ಇಂಥ ಟೆಸ್ಟ್ ಬಿದ್ದರೆ ಪೈಥಾನ್ ಮೇಲೆ ಗೊಣಗಬೇಡಿ, ಆ ಟೆಸ್ಟ್ ಅಲ್ಲಿವರೆಗೆ ಏನನ್ನೂ ನೋಡಿರಲಿಲ್ಲ.

ಮೆಸೇಜ್‌ನ ಪೂರ್ತಿ ಒಕ್ಕಣೆಯನ್ನು ಟೆಸ್ಟ್‌ಗೆ ಕಟ್ಟಿಹಾಕಬೇಡಿ. ಕಾಲ್_ಆರ್ಗ್ಸ್‌ನಿಂದ ಟೆಕ್ಸ್ಟ್ ತೆಗೆದು, ಮೊತ್ತವೂ ತಾರೀಖೂ ಅದರಲ್ಲಿದೆಯೇ ಎಂದಷ್ಟೇ ನೋಡಿ. ಮುಖ್ಯವಲ್ಲದ ಆರ್ಗ್ಯುಮೆಂಟ್ ಜಾಗಕ್ಕೆ, ಏನು ಬಂದರೂ ಸರಿ ಎನ್ನುವ 'ಎನಿ' ಇದೆ.

ಇನ್ನೊಂದು ಸೂಕ್ಷ್ಮ: ಮಾಕ್ ತನಗೆ ಬಂದ ಆರ್ಗ್ಯುಮೆಂಟ್‌ನ ನಕಲು ಇಟ್ಟುಕೊಳ್ಳುವುದಿಲ್ಲ, ಅದೇ ಆಬ್ಜೆಕ್ಟ್ ಅನ್ನು ಹಿಡಿದಿರುತ್ತದೆ. ಕೋಡ್ ಒಂದು ಲಿಸ್ಟ್ ಕಳಿಸಿ ಆಮೇಲೆ ಅದನ್ನು ಖಾಲಿ ಮಾಡಿದರೆ, ಖಾಲಿ ಲಿಸ್ಟ್ ಕಳಿಸಿದಂತೆಯೇ ಟೆಸ್ಟ್‌ಗೆ ಕಾಣುತ್ತದೆ. ಆಗ ಸೈಡ್_ಎಫೆಕ್ಟ್ ಆಗಿ ಒಂದು ಪುಟ್ಟ ಫಂಕ್ಷನ್ ಕೊಟ್ಟು, ಬಂದದ್ದನ್ನು ಆಗಲೇ ನಕಲು ಮಾಡಿಟ್ಟುಕೊಳ್ಳಿ.

## ಹಂತ 6: ಬೇಕೆಂದೇ ಕೆಡಿಸಿ ನೋಡಿ

ಟೆಸ್ಟ್ ಪಾಸಾದ ಮೇಲೆ ಅಸಲಿ ಕೋಡ್‌ಗೆ ಹೋಗಿ ಒಂದೊಂದಾಗಿ ಕೆಡಿಸಿ. ಪ್ರಯತ್ನದ ಸಂಖ್ಯೆ 3 ಇದ್ದದ್ದನ್ನು 2 ಮಾಡಿ. ಸೆಂಡ್_ಎಸ್ಎಂಎಸ್ ಕರೆಯುವ ಸಾಲನ್ನೇ ಕಾಮೆಂಟ್ ಮಾಡಿ. ರೇಸ್_ಫಾರ್_ಸ್ಟೇಟಸ್ ಅಳಿಸಿ. ಪ್ರತಿ ಬಾರಿಯೂ ಒಂದಾದರೂ ಟೆಸ್ಟ್ ಬೀಳಬೇಕು. ಯಾವುದೂ ಬೀಳದಿದ್ದರೆ ಆ ಸಾಲಿಗೆ ಟೆಸ್ಟ್ ಇಲ್ಲ. ಕವರೇಜ್ ರಿಪೋರ್ಟ್ 100 ಎಂದರೂ ಇಲ್ಲ. ಕವರೇಜ್ ಹೇಳುವುದು ಸಾಲು ಓಡಿತು ಎಂದು ಮಾತ್ರ. ಇದೇ ಕೆಲಸವನ್ನು ಮಟ್‌ಮಟ್ ಎಂಬ ಟೂಲ್ ತಾನೇ ಮಾಡುತ್ತದೆ, ಆದರೆ ದೊಡ್ಡ ಪ್ರಾಜೆಕ್ಟ್‌ನಲ್ಲಿ ಬಹಳ ಹೊತ್ತು ಹಿಡಿಯುತ್ತದೆ. ಕೈಯಿಂದ ಮೂರು ಕಡೆ ಕೆಡಿಸಿ ನೋಡಲು ಎರಡು ನಿಮಿಷ ಸಾಕು.

## ತಾರೀಖು ಮತ್ತು ಅಸಿಂಕ್: ಎರಡು ತಲೆನೋವು

ಡೇಟ್.ಟುಡೇ ಅನ್ನು ನೇರ ಪ್ಯಾಚ್ ಮಾಡಲು ಬರುವುದಿಲ್ಲ. ಅದು ಸಿ ಭಾಷೆಯಲ್ಲಿ ಬರೆದ ಕ್ಲಾಸ್. ಅದರ ಆಟ್ರಿಬ್ಯೂಟ್ ಮುಟ್ಟಿದರೆ ಟೈಪ್‌ಎರರ್. 'ರಿಮೈಂಡರ್.ಡೇಟ್' ಎಂದು ಇಡೀ ಹೆಸರನ್ನೇ ಬದಲಿಸಿದರೆ, ಆ ಮಾಡ್ಯೂಲ್‌ನಲ್ಲಿ ಡೇಟ್ ಇಟ್ಟು ಮಾಡಿದ ಈಸ್‌ಇನ್‌ಸ್ಟನ್ಸ್ ಮುರಿಯುತ್ತದೆ. ಇವತ್ತಿನ ತಾರೀಖನ್ನು ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳುವುದೇ ನೇರ ದಾರಿ, ಮಾಕ್ ಬೇಕೇ ಆಗುವುದಿಲ್ಲ. ಕೋಡ್ ಹಳೆಯದು, ಮುಟ್ಟುವಂತಿಲ್ಲ ಎಂದಾದರೆ ಟೆಸ್ಟ್‌ನಲ್ಲಿ ತಾರೀಖನ್ನು ಬೇಕಾದಲ್ಲಿ ನಿಲ್ಲಿಸುವ ಫ್ರೀಜ್‌ಗನ್ ಅಥವಾ ಟೈಮ್-ಮಷೀನ್ ಲೈಬ್ರರಿ ಬಳಸಿ. ಟೆಸ್ಟ್‌ಗೆ ಆರಿಸುವ ತಾರೀಖು ಅಂಚಿನದಾಗಿರಲಿ: 2024ರ ಫೆಬ್ರವರಿ 28ಕ್ಕೆ 3 ದಿನ ಸೇರಿಸಿದರೆ ಮಾರ್ಚ್ 2, 2023ರಲ್ಲಿ ಮಾರ್ಚ್ 3.

ಅಸಿಂಕ್ ಫಂಕ್ಷನ್ ಪ್ಯಾಚ್ ಮಾಡಿದರೆ 3.8ರಿಂದ ತಾನಾಗಿ ಅಸಿಂಕ್‌ಮಾಕ್ ಸಿಗುತ್ತದೆ. ಅಲ್ಲಿ ಅಸರ್ಟ್_ಕಾಲ್ಡ್ ಬಳಸಬೇಡಿ, ಅಸರ್ಟ್_ಅವೇಟೆಡ್ ಬಳಸಿ. ಕರೆದು ಅವೇಟ್ ಮಾಡಲು ಮರೆತ ಕೋಡ್‌ಗೂ ಮೊದಲನೆಯದು ಪಾಸ್ ಕೊಡುತ್ತದೆ. ಟೆಸ್ಟ್‌ ಕ್ಲಾಸ್ ಕೂಡ ಐಸೊಲೇಟೆಡ್‌ಅಸಿಂಕ್‌ಐಒಟೆಸ್ಟ್‌ಕೇಸ್ ಆಗಿರಲಿ. ಸಾಮಾನ್ಯ ಟೆಸ್ಟ್‌ಕೇಸ್‌ನೊಳಗೆ ಅಸಿಂಕ್ ಟೆಸ್ಟ್ ಬರೆದರೆ ಅದರ ಒಳಗಿನ ಸಾಲು ಓಡುವುದೇ ಇಲ್ಲ. 'ನೆವರ್ ಅವೇಟೆಡ್' ಎಂಬ ವಾರ್ನಿಂಗ್ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ.

## ಎಚ್ಚರಿಕೆಯ ಗುರುತುಗಳು

ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ 'ಮ್ಯಾಜಿಕ್‌ಮಾಕ್' ಹೆಸರಿನ ಡೈರೆಕ್ಟರಿ ಹುಟ್ಟಿಕೊಂಡಿದೆ. ಫೈಲ್ ಪಾತ್ ಇರಬೇಕಾದ ಕಡೆ ಮಾಕ್ ಹೋಗಿದೆ, ಕೋಡ್ ಅದನ್ನೇ ಪಾತ್ ಎಂದು ನಂಬಿ ಫೋಲ್ಡರ್ ಕಟ್ಟಿದೆ. ಗಿಟ್‌ಇಗ್ನೋರ್‌ಗೆ ಸೇರಿಸಿ ಮರೆಮಾಡುವವರೂ ಇದ್ದಾರೆ! ಲಾಗ್‌ನಲ್ಲಿ ಅಥವಾ ಮೆಸೇಜ್ ಒಳಗೆ ಮಾಕ್‌ನ ಹೆಸರು, ಐಡಿ ಕಂಡರೂ ಕಾರಣ ಅದೇ: ಯಾವುದೋ ಬೆಲೆಯನ್ನು ನೀವು ಹೇಳಿಲ್ಲ.

ಒಂದು ಟೆಸ್ಟ್‌ಗೆ ಐದಾರು ಪ್ಯಾಚ್ ಬೇಕಾಗುತ್ತಿದ್ದರೆ ತಪ್ಪು ಟೆಸ್ಟ್‌ನದಲ್ಲ, ಆ ಫಂಕ್ಷನ್ ಹಲವು ಕೆಲಸ ಹೊತ್ತಿದೆ. ಮಾಕ್ ವಾಪಸ್ ಕೊಟ್ಟದ್ದರ ಮೇಲೆ ಇನ್ನೊಂದು ಮಾಕ್, ಅದರ ಮೇಲೆ ಮತ್ತೊಂದು ಎಂದು ರಿಟರ್ನ್_ವ್ಯಾಲ್ಯೂ ಸರಪಳಿ ಬೆಳೆದಿದ್ದರೆ, ಹಂತ 3ರಲ್ಲಿ ಹೇಳಿದ ತೆಳು ಫಂಕ್ಷನ್ ಇನ್ನೂ ಬರೆದಿಲ್ಲ ಎಂದರ್ಥ. ವರ್ತನೆ ಬದಲಾಗದೆ ಬರೀ ಒಳಗಿನ ಹೆಸರು ಬದಲಿಸಿದ್ದಕ್ಕೆ ಟೆಸ್ಟ್ ಬಿದ್ದರೆ, ಮಾಕ್ ಗಡಿಯಲ್ಲಿಲ್ಲ, ಒಳಮನೆಯಲ್ಲಿದೆ.

ಮಾಕ್‌ನಿಂದ ಆಗದ ಕೆಲಸವೂ ಒಂದಿದೆ. ಎಸ್ಎಂಎಸ್ ಕಂಪನಿ ತನ್ನ ಉತ್ತರದ ರೂಪ ಬದಲಿಸಿದರೆ ಇಲ್ಲಿನ ಯಾವ ಟೆಸ್ಟ್‌ಗೂ ಗೊತ್ತಾಗುವುದಿಲ್ಲ. ಅದಕ್ಕಾಗಿ ಅವರ ಸ್ಯಾಂಡ್‌ಬಾಕ್ಸ್‌ಗೆ (ಪರೀಕ್ಷೆಗೆಂದೇ ಇಟ್ಟ ಸರ್ವರ್) ನಿಜವಾಗಿ ಕರೆ ಮಾಡುವ ಒಂದೇ ಒಂದು ಟೆಸ್ಟ್ ಬೇರೆ ಇಡಿ. ಪೈಟೆಸ್ಟ್ ಮಾರ್ಕರ್ ಹಾಕಿ ದಿನನಿತ್ಯದ ಓಟದಿಂದ ಅದನ್ನು ಹೊರಗಿಡಿ, ರಾತ್ರಿ ಓಡುವ ಬಿಲ್ಡ್‌ನಲ್ಲಿ ಮಾತ್ರ ಸೇರಿಸಿ. ಆ ಒಂದು ಟೆಸ್ಟ್‌ಗೆ ಸಾಕೆಟ್ ತಡೆ ತೆಗೆಯಲು 'ಎನೇಬಲ್_ಸಾಕೆಟ್' ಮಾರ್ಕರ್ ಕೂಡ ಬೇಕಾಗುತ್ತದೆ.